ಅಸಿಟೋನಿನಲ್ಲಿ ತೊಳೆದ ಮೂರು ಕಾಡತೂಸು

1986ರಲ್ಲಿ ನಾನು ಸ್ಯಾನ್ ಹೋಸೆಯ ಒಂದು ಫೇಲ್ಯೂರ್ ಅನಾಲಿಸಿಸ್ ಲ್ಯಾಬಿನಲ್ಲಿ ಸೀನಿಯರ್ ಮೆಟಲರ್ಜಿಸ್ಟ್ ಆಗಿದ್ದೆ. ಮುರಿದದ್ದು, ಸೀಳಿದ್ದು, ಕರಗಿದ್ದು ಯಾಕೆ ಹಾಗಾಯಿತೆಂದು ಕಂಡುಹಿಡಿದು ರಿಪೋರ್ಟು ಬರೆದು ಸಹಿ ಹಾಕುವುದು ನನ್ನ ಕೆಲಸ. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಹುಟ್ಟಿ ಬೆಳೆದವಳು. ಅಪ್ಪ ಅಲ್ಲಿ ಅದಿರು ಪರೀಕ್ಷೆ ಮಾಡುತ್ತಿದ್ದರು. ಮೆಟಲರ್ಜಿಯಲ್ಲಿ ಡಾಕ್ಟರೇಟು ಇತ್ತು, ಮೂಗಿನ ತುದಿಯಲ್ಲಿ ಸಿಟ್ಟು ಇತ್ತು. ಎರಡನ್ನೂ ಎಲ್ಲರಿಗೂ ತೋರಿಸಿಕೊಂಡು ಓಡಾಡುವ ವಯಸ್ಸು ಅದು, ಮೂವತ್ತೆಂಟು.

ನಮಗೆ ಬರುತ್ತಿದ್ದ ಕೆಲಸದ ಬಹುಪಾಲು ಸೆಮಿಕಂಡಕ್ಟರ್ ಮತ್ತು ಡಿಸ್ಕ್ ಡ್ರೈವ್ ಕಂಪನಿಗಳದ್ದು. ಅಲ್ಲಿ ಧೂಳೇ ಶತ್ರು. ಹಾಗಾಗಿ ಲ್ಯಾಬಿನಲ್ಲಿ ಒಂದು ಪದ್ಧತಿ ಬೇರೂರಿತ್ತು. ಸ್ಯಾಂಪಲ್ ಬಂದ ಕೂಡಲೇ ನಂಬರು ಹಾಕು, ಜಿಡ್ಡು, ಬಣ್ಣ ಎಲ್ಲ ಕರಗಿಸುವ ಅಸಿಟೋನ್ ತುಂಬಿದ ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ತೊಳೆ, ಒಣಗಿಸು, ಆಮೇಲೆ ಮೈಕ್ರೋಸ್ಕೋಪಿನ ಕೆಳಗೆ ಇಡು. ಯಾರೂ ಯಾಕೆಂದು ಕೇಳುತ್ತಿರಲಿಲ್ಲ. ಊಟಕ್ಕೆ ಮುಂಚೆ ಕೈ ತೊಳೆದ ಹಾಗೆ ನಡೆದುಹೋಗುತ್ತಿತ್ತು.

ಆ ವರ್ಷ ಮೇ ತಿಂಗಳಲ್ಲಿ ಡಾಕ್ಟರ್ ರಂಗನಾಥ್ ಲ್ಯಾಬಿಗೆ ಬಂದರು. ಮೈಸೂರಿನವರು, ಮೂಳೆಯ ಸರ್ಜನ್, ಫಾಸ್ಟರ್ ಸಿಟಿಯಲ್ಲಿ ನೀರಿನ ಅಂಚಿಗೇ ಮನೆ. ಕನ್ನಡದವರ ಹಬ್ಬದ ಊಟಗಳಲ್ಲಿ ಪರಿಚಯ. ವಾರವಿಡೀ ಆಪರೇಷನ್ ಮಾಡಿ ಭಾನುವಾರ ಲಿವರ್‌ಮೋರ್ ಆಚೆಯ ಗುಡ್ಡಗಳಲ್ಲಿದ್ದ ಶೂಟಿಂಗ್ ಕ್ಲಬ್ಬಿನಲ್ಲಿ ಪಿಸ್ತೂಲು ಸ್ಪರ್ಧೆಗೆ ಹೋಗುವುದು ಅವರ ಹುಚ್ಚು. ಕೈಯಲ್ಲಿ ಒಂದು ತಗಡಿನ ಡಬ್ಬಿ ಇತ್ತು.

"ಸುಮಿತ್ರಾ, ಕ್ಲಬ್ಬಲ್ಲಿ ನಾನು ಹೊಡೆಯುವಾಗ ಒಂದು ಪ್ರಾಬ್ಲಮ್ಮು. ಪ್ರೈಮರ್ ತೂತು ಬೀಳ್ತಿದೆ. ನೀವು ನೋಡಿ ಒಂದು ರಿಪೋರ್ಟು ಕೊಡ್ಬೇಕು."

ಓದುಗರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಾಡತೂಸು ಎಂದರೆ ಹಿತ್ತಾಳೆಯ ಒಂದು ಕೊಳವೆ. ಒಳಗೆ ಮದ್ದು, ಬಾಯಲ್ಲಿ ಗುಂಡು. ತಳದ ನಡುವೆ ಬೇಳೆಗಾತ್ರದ ಒಂದು ಲೋಹದ ಬಟ್ಟಲು ಕೂತಿರುತ್ತದೆ, ಅದೇ ಪ್ರೈಮರ್. ಪಿಸ್ತೂಲಿನ ಫೈರಿಂಗ್ ಪಿನ್ ಅದಕ್ಕೆ ಬಡಿದಾಗ ಕಿಡಿ ಹುಟ್ಟಿ ಮದ್ದು ಹೊತ್ತಿಕೊಳ್ಳುತ್ತದೆ. ಪಿನ್ನು ಬಟ್ಟಲನ್ನು ತಗ್ಗು ಮಾಡಬೇಕೇ ಹೊರತು ತೂತು ಮಾಡಬಾರದು. ತೂತಾದರೆ ಸುಡುವ ಗ್ಯಾಸು ಹಿಂದಕ್ಕೆ ನುಗ್ಗುತ್ತದೆ, ಕತ್ತರಿಸಿ ಬಂದ ಸಣ್ಣ ಬಿಲ್ಲೆ ಪಿನ್ನು ಓಡಾಡುವ ಓಣಿಯೊಳಗೆ ಸೇರಿಕೊಳ್ಳಬಹುದು. ಕಾರಣಗಳು ಮುಖ್ಯವಾಗಿ ಎರಡು. ಒಂದು, ಮದ್ದು ಹೆಚ್ಚಾಗಿ ಒತ್ತಡ ಮಿತಿ ಮೀರಿರುವುದು. ಇನ್ನೊಂದು, ಪಿನ್ನೇ ಸರಿ ಇಲ್ಲದಿರುವುದು.

ಡಾಕ್ಟರು ಬಳಸುತ್ತಿದ್ದದ್ದು ಕೈಯಲ್ಲಿ ತುಂಬಿದ ಕಾಡತೂಸು. ಖಾಲಿ ಕೊಳವೆಗಳನ್ನು ಆರಿಸಿ ತಂದು, ಹಳೆಯ ಪ್ರೈಮರ್ ಕಿತ್ತು ಹೊಸದು ಕೂರಿಸಿ, ಮದ್ದು ತೂಗಿ ಹಾಕಿ, ಮತ್ತೆ ಗುಂಡು ಬಿಗಿಯುವ ಕೆಲಸ. ಕ್ಲಬ್ಬಿಗೆಲ್ಲ ಅದನ್ನು ಮಾಡಿಕೊಡುತ್ತಿದ್ದವನು ವಿಕ್ಟರ್ ಡಿಸೋಜ. ಮಂಗಳೂರು ಕಡೆಯವನು, ಹದಿನಾಲ್ಕು ವರ್ಷ ಮೆಷಿನಿಸ್ಟ್ ಆಗಿ ದುಡಿದು, ಆ ಕೆಲಸ ಬಿಟ್ಟು, ಲೈಸೆನ್ಸು ತೆಗೆದುಕೊಂಡು ಬೆರ್ರಿಯೆಸಾದಲ್ಲಿ ಒಂದು ಶೆಡ್ಡು ಬಾಡಿಗೆಗೆ ಹಿಡಿದಿದ್ದ. ಅಂಗಡಿಗೆ ಆಗ ಒಂದೂವರೆ ವರ್ಷ. ಅವನ ಕಾಡತೂಸಿನ ತಪ್ಪೆಂದು ರಿಪೋರ್ಟು ಹೇಳಿದರೆ ಆ ಅಂಗಡಿ ಉಳಿಯುವುದಿಲ್ಲ. ಇದು ನನಗೆ ಮೊದಲ ದಿನವೇ ಗೊತ್ತಿತ್ತು.

"ಪಿಸ್ತೂಲೂ ತಂದ್ಕೊಡ್ಲಾ?" ಎಂದು ಡಾಕ್ಟರು ಕೇಳಿದರು.

"ಬೇಡ ಡಾಕ್ಟ್ರೇ. ಲೋಹದ ಮೇಲೆ ಎಲ್ಲಾ ಬರ್ದಿರತ್ತೆ," ಎಂದೆ. ಎಂಥ ಠೇಂಕಾರ.

ಡಬ್ಬಿಯಲ್ಲಿ ನಲವತ್ತು ಖಾಲಿ ಕಾಡತೂಸು. ನಂಬರು ಹಾಕಿದೆ, ತೊಳೆದೆ, ನೋಡಿದೆ. ಪ್ರತಿಯೊಂದರ ಪ್ರೈಮರಿನಲ್ಲೂ ನಟ್ಟನಡುವೆ ತೂತು. ತಗ್ಗಿನ ಸುತ್ತ ಲೋಹ ಉಕ್ಕಿ ಬಂದು ಬಾವಿಕಟ್ಟೆಯ ಹಾಗೆ ಎದ್ದಿತ್ತು. ಅದು ಒತ್ತಡ ಹೆಚ್ಚಾದ ಗುರುತೆಂದು ಪುಸ್ತಕಗಳು ಹೇಳುತ್ತವೆ. ನನಗೆ ಅಷ್ಟು ಸಾಕಾಯಿತು.

ರಿಪೋರ್ಟು ಬರೆಯುವ ಮೊದಲು ವಿಕ್ಟರ್ ಲ್ಯಾಬಿಗೆ ಫೋನ್ ಮಾಡಿದ. "ಮೇಡಂ, ನಾನು ತುಂಬಿದ್ದು ಬೇರೆ ಹತ್ತು ಜನ ಹೊಡೀತಾರೆ. ಯಾರದ್ದೂ ತೂತು ಬೀಳ್ಲಿಲ್ಲ. ಒಂದ್ಸಲ ಆ ಪಿಸ್ತೂಲು ಬಿಚ್ಚಿ ಪಿನ್ನಿನ ಮೂತಿ ನೋಡಿ. ಇಲ್ಲಾಂದ್ರೆ ಆ ಕಾಡತೂಸು ನನಗೆ ತೋರಿಸಿ, ನಾನು ಬರ್ತೇನೆ."

"ಯಾರ ಮೇಲೆ ದೂರು ಇದೆಯೋ ಅವರು ಲ್ಯಾಬಿಗೆ ಫೋನ್ ಮಾಡಬಾರದು ಮಿಸ್ಟರ್ ಡಿಸೋಜ," ಎಂದು ಇಟ್ಟುಬಿಟ್ಟೆ. ಅಂಥ ನಿಯಮ ಯಾವುದೂ ಇರಲಿಲ್ಲ.

ಜೂನ್ ತಿಂಗಳ ಒಂದು ಭಾನುವಾರ ಕ್ಲಬ್ಬಿನ ಮೀಟಿಂಗಿಗೆ ಡಾಕ್ಟರು ನನ್ನನ್ನು ಕರೆದುಕೊಂಡು ಹೋದರು. ಬಿಸಿಲಿಗೆ ಗುಡ್ಡಗಳ ಹುಲ್ಲೆಲ್ಲ ಒಣಗಿ ಹಳದಿಯಾಗಿತ್ತು. ಮೂವತ್ತು ಜನ ಮಡಚುವ ಕುರ್ಚಿಗಳಲ್ಲಿ ಕೂತಿದ್ದರು. ನಾನು ರಿಪೋರ್ಟು ಓದಿದೆ: ಮದ್ದು ತುಂಬುವಲ್ಲಿ ಅಜಾಗರೂಕತೆ, ಮಿತಿ ಮೀರಿದ ಒತ್ತಡ. ವಿಕ್ಟರ್ ಹಿಂದಿನ ಸಾಲಿನಿಂದ ಎದ್ದು ನಿಂತ. ಬಿಳಿ ಶರ್ಟು ಇಸ್ತ್ರಿ ಮಾಡಿ ಹಾಕಿಕೊಂಡು ಬಂದಿದ್ದ. ರಿಪೋರ್ಟಿನ ಜೊತೆ ನಾನು ತಂದಿದ್ದ ಪ್ರೈಮರಿನ ಫೋಟೋಗಳನ್ನು ಬೆರಳಿನಿಂದ ತೋರಿಸುತ್ತಾ ಇಂಗ್ಲಿಷಿನಲ್ಲಿ ಏನೋ ಹೇಳಹೋಗಿ ತಡವರಿಸಿ ಕನ್ನಡಕ್ಕೆ ತಿರುಗಿದ.

"ಮೇಡಂ, ಪ್ರೆಶರ್ ಜಾಸ್ತಿ ಆದ್ರೆ ಪ್ರೈಮರಿನ ಅಂಚು ಚಪ್ಪಟೆ ಆಗ್ಬೇಕಲ್ಲ? ಇದು ನೋಡಿ, ದುಂಡಗೇ ಉಂಟು. ತೂತು ಮಾತ್ರ ನಡುವಲ್ಲಿ. ಇದು ಮದ್ದಿಂದ ಆದದ್ದಲ್ಲ."

ಅವನು ಹೇಳಿದ್ದು ಸರಿ. ಅದು ಸರಿ ಇರಬಹುದೆಂಬ ಸಂಶಯ ನನಗೆ ಆ ಕ್ಷಣವೇ ಬಂತು, ಅದಕ್ಕೇ ಸಿಟ್ಟು ನೆತ್ತಿಗೇರಿತು. ಮೂವತ್ತು ಜನರ ಎದುರು ಒಬ್ಬ ಮೆಷಿನಿಸ್ಟು ನನಗೆ ಪಾಠ ಹೇಳುವುದೇ? ಕನ್ನಡದಲ್ಲೇ, ನಗುತ್ತಾ ಹೇಳಿದೆ: "ತಕ್ಕಡಿ ಹಿಡಿದವರೆಲ್ಲಾ ವಿಜ್ಞಾನಿ ಆಗಲ್ಲ ಡಿಸೋಜ ಅವರೇ. ಇದಕ್ಕೆ ಓದು ಬೇಕು. ನಿಮಗೆ ಅದಿಲ್ಲ, ಕೂತ್ಕೊಳ್ಳಿ."

ಡಾಕ್ಟರು ತಲೆ ತಗ್ಗಿಸಿದರು. ಉಳಿದವರಿಗೆ ಭಾಷೆ ಬಾರದಿದ್ದರೂ ನನ್ನ ದನಿ ಅರ್ಥವಾಯಿತು, ಇಬ್ಬರು ಮೂವರು ನಕ್ಕರು. ವಿಕ್ಟರ್ ಕೂರಲಿಲ್ಲ, ಬಾಗಿಲು ತೆರೆದುಕೊಂಡು ಹೊರಗೆ ಹೋದ. ವಾಪಸು ಬರುವಾಗ ಕಾರಿನಲ್ಲಿ ನನಗೆ ಖುಷಿಯೇ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ಕ್ಲಬ್ಬು ಅವನ ಕಾಡತೂಸನ್ನು ನಿಷೇಧಿಸಿತು. ರಿಪೋರ್ಟಿನ ಪ್ರತಿ ಅವನ ಅಂಗಡಿಯ ವಿಮಾ ಕಂಪನಿಗೂ ಹೋಯಿತು, ಅವರು ಪಾಲಿಸಿ ರದ್ದು ಮಾಡಿದರು. ವಿಮೆ ಇಲ್ಲದವನಿಗೆ ಮದ್ದು ಇಟ್ಟುಕೊಳ್ಳಲು ಶೆಡ್ಡಿನ ಮಾಲೀಕ ಬಿಡಲಿಲ್ಲ. ಆಗಸ್ಟಿನೊಳಗೆ ಅಂಗಡಿ ಖಾಲಿ. ಇದನ್ನೆಲ್ಲ ನನಗೆ ಹೇಳಿದವರು ಡಾಕ್ಟರೇ. ನಾನು "ಹೌದಾ" ಎಂದು ಬೇರೆ ಮಾತು ತೆಗೆದೆ.

ಸೆಪ್ಟೆಂಬರಿನಲ್ಲಿ ಡಾಕ್ಟರ ಪಿಸ್ತೂಲು ತಾನೇ ಹಾರಿತು. ಅವರು ಟ್ರಿಗರ್ ಮುಟ್ಟಿರಲಿಲ್ಲ. ಮೊದಲ ಕಾಡತೂಸು ಒಳಗೆ ಹೋಗಲೆಂದು ಎಡ ಅಂಗೈಯನ್ನು ಮೇಲಿಟ್ಟು, ಪಿಸ್ತೂಲಿನ ಮೇಲ್ಭಾಗದಲ್ಲಿ ಹಿಂದೆ ಮುಂದೆ ಜಾರುವ ಸ್ಲೈಡನ್ನು ಹಿಂದಕ್ಕೆಳೆದು ಬಿಡುವಾಗ, ಅದು ಪೂರ್ತಿ ಮುಚ್ಚುವ ಮೊದಲೇ ಕಾಡತೂಸು ಸಿಡಿಯಿತು. ಹಿತ್ತಾಳೆ ಚೂರುಗಳು ಅಂಗೈ ಸೀಳಿ ಹೆಬ್ಬೆರಳಿನ ಮತ್ತು ಪಕ್ಕದ ಎರಡು ಬೆರಳುಗಳ ಸ್ನಾಯುರಜ್ಜುಗಳನ್ನು ಕತ್ತರಿಸಿದವು. ಅವರು ಆವತ್ತು ಹಾಕಿದ್ದು ವಿಕ್ಟರ್ ತುಂಬಿದ್ದಲ್ಲ. ನನ್ನ ರಿಪೋರ್ಟಿನ ನಂತರ ಅವರು ಅಂಗಡಿಯಲ್ಲಿ ಸಿಗುವ, ಕಂಪನಿಯೇ ತುಂಬಿದ ಹೊಸ ಕಾಡತೂಸನ್ನೇ ಬಳಸುತ್ತಿದ್ದರು.

ಕ್ಲಬ್ಬಿನವರು ಪಿಸ್ತೂಲನ್ನೂ ಉಳಿದ ಕಾಡತೂಸಿನ ಡಬ್ಬಿಯನ್ನೂ ನಮ್ಮ ಲ್ಯಾಬಿಗೇ ಕಳಿಸಿದರು. ಈ ಸಲ ಪಿಸ್ತೂಲು ಬಿಚ್ಚಿದೆ. ಫೈರಿಂಗ್ ಪಿನ್ನಿನ ತುದಿ ದುಂಡಗೆ, ಮೊಂಡಾಗಿ ಇರಬೇಕು. ಇದು ದಬ್ಬಣದ ಹಾಗೆ ಚೂಪಾಗಿತ್ತು, ಸಾಣೆ ಹಿಡಿದ ಗೆರೆಗಳು ಕಾಣುತ್ತಿದ್ದವು. ಪಿನ್ನು ಹೊರಬರುವ ರಂಧ್ರವನ್ನು ಗ್ಯಾಸು ತಿಂದು ಅಗಲ ಮಾಡಿತ್ತು. ಪ್ರೈಮರಿನ ಲೋಹ ಬಾವಿಕಟ್ಟೆಯ ಹಾಗೆ ಉಕ್ಕಿದ್ದಕ್ಕೆ ಕಾರಣ ಅದು. ಓಣಿಯೊಳಗೆ ಐದು ಸಣ್ಣ ಬಿಲ್ಲೆಗಳು ಸಿಕ್ಕವು. ಅವುಗಳಲ್ಲೊಂದು ಪಿನ್ನನ್ನು ಮುಂದಕ್ಕೆ ಸಿಕ್ಕಿಸಿ ಹಿಡಿದಿತ್ತು. ಸ್ಲೈಡು ಮುಚ್ಚುತ್ತಿದ್ದಾಗ ಹೊರಚಾಚಿದ ಆ ಚೂಪು ತುದಿಯೇ ಪ್ರೈಮರಿಗೆ ಬಡಿದಿತ್ತು.

ಆಮೇಲೆ ಡಬ್ಬಿ ತೆರೆದು ಹಾರಿಸದ ಒಂದು ಕಾಡತೂಸನ್ನು ತಿರುಗಿಸಿದೆ. ಪ್ರೈಮರಿನ ಸುತ್ತ ನೂಲೆಳೆಯಷ್ಟು ಕೆಂಪು ಬಣ್ಣದ ಗೆರೆ. ತೇವ ಒಳಗೆ ಹೋಗದಿರಲೆಂದು ಕಂಪನಿಯವರು ಬಳಿಯುವ ಅರಗು. ಕೈಯಲ್ಲಿ ತುಂಬಿದ್ದಕ್ಕೆ ಅದು ಇರುವುದಿಲ್ಲ. ಮೇ ತಿಂಗಳ ನೋಟ್‌ಬುಕ್ ತೆಗೆದೆ. ನನ್ನದೇ ಅಕ್ಷರ: "ಸ್ಯಾಂಪಲ್ 11, 12, 13. ಪ್ರೈಮರಿನ ಸುತ್ತ ಕೆಂಪು ಕೊಳೆ. ಅಸಿಟೋನಿನಲ್ಲಿ ತೊಳೆದಿದೆ."

ಆ ಮೂರು ಕಂಪನಿಯ ಕಾಡತೂಸು. ಅವೂ ತೂತಾಗಿದ್ದವು. ವಿಕ್ಟರ್ ಕೈ ಹಾಕದೇ ಇದ್ದದ್ದಕ್ಕೂ ತೂತು ಬಿದ್ದಿತ್ತು ಎಂಬ ಸಾಕ್ಷಿಯನ್ನು ನಾನು ಮೊದಲ ದಿನ ಬೆಳಿಗ್ಗೆಯೇ ನನ್ನ ಕೈಯಾರೆ ತೊಳೆದು ಚರಂಡಿಗೆ ಬಿಟ್ಟಿದ್ದೆ. ಅವನಿಗೆ ಆ ಡಬ್ಬಿ ತೋರಿಸಿದ್ದರೆ ಅರ್ಧ ನಿಮಿಷದಲ್ಲಿ ಹೇಳುತ್ತಿದ್ದ.

ಫಾಸ್ಟರ್ ಸಿಟಿಗೆ ಹೋದೆ. ಡಾಕ್ಟರು ಕಿಟಕಿಯ ಪಕ್ಕ ಕೂತಿದ್ದರು, ಎಡಗೈ ಬ್ಯಾಂಡೇಜಿನಲ್ಲಿತ್ತು. ಪಿನ್ನಿಗೆ ಸಾಣೆ ಹಿಡಿದವರು ಯಾರೆಂದು ಕೇಳಿದೆ.

"ನಾನೇ. ಮಾರ್ಚಲ್ಲಿ ಒಂದೆರಡು ಗುಂಡು ಹಾರಲಿಲ್ಲ. ತುದಿ ಮೊಂಡಾಗಿದೆ ಅನ್ನಿಸ್ತು. ಮೊಂಡು ಸಾಮಾನು ಕೈಗೆ ತಗೊಂಡ್ರೆ ನನಗೆ ಆಗಲ್ಲ, ಅಭ್ಯಾಸ." ಸರ್ಜನ್ನಿಗೆ ಚೂಪಾದದ್ದೇ ಸರಿಯಾದದ್ದು. ಬೇರೆ ಯಾರೂ ಆ ತಪ್ಪು ಮಾಡುತ್ತಿರಲಿಲ್ಲ.

"ಕಂಪನಿ ಕಾಡತೂಸಲ್ಲೂ ತೂತು ಬಿದ್ದಿದ್ದು ನಿಮಗೆ ಗೊತ್ತಿತ್ತಾ?"

"ಮೂರಲ್ಲಿ ಬಿದ್ದಿತ್ತು. ಅದನ್ನೂ ಅದೇ ಡಬ್ಬೀಲಿ ಹಾಕಿ ಕೊಟ್ಟಿದ್ದೆ. ರಿಪೋರ್ಟಲ್ಲಿ ಅದರ ಮಾತೇ ಬರಲಿಲ್ಲ. ಎಕ್ಸ್‌ಪರ್ಟು ನೀವು, ಅದು ಮುಖ್ಯ ಅಲ್ಲ ಅಂದ್ಕೊಂಡೆ. ಆಮೇಲೆ ನಾನು ತಿರುಗಿಸಿ ನೋಡ್ಲೇ ಇಲ್ಲ." ಅವರ ದನಿಯಲ್ಲಿ ವ್ಯಂಗ್ಯ ಇರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ವಾಸಿಯಾಗುತ್ತಿತ್ತು. ಅವರು ಮತ್ತೆ ಆಪರೇಷನ್ ಮಾಡಲಿಲ್ಲ.

ತಿದ್ದುಪಡಿ ರಿಪೋರ್ಟು ಬರೆದೆ. ಲ್ಯಾಬಿನ ಮಾಲೀಕ ವಾಲ್ಟರ್ ಓದಿ, ಯಾರೂ ಕೇಳದೆ ತಿದ್ದುಪಡಿ ಕೊಡುವ ಲ್ಯಾಬಿಗೆ ನಾಳೆ ಯಾರೂ ಬರುವುದಿಲ್ಲ ಎಂದ. ನಾನು ಅದನ್ನು ಹನ್ನೊಂದು ದಿನ ಡ್ರಾಯರಿನಲ್ಲಿ ಇಟ್ಟುಕೊಂಡೆ. ಕೆಲಸ ಹೋಗುವ ಹೆದರಿಕೆ, ಬೇರೇನಲ್ಲ. ಹನ್ನೆರಡನೆಯ ದಿನ ಕ್ಲಬ್ಬಿಗೂ ವಿಮಾ ಕಂಪನಿಗೂ ಅಂಚೆಗೆ ಹಾಕಿ, ಒಂದು ಪ್ರತಿ ಹಿಡಿದುಕೊಂಡು ಬೆರ್ರಿಯೆಸಾಕ್ಕೆ ಹೋದೆ.

ವಿಕ್ಟರ್ ಒಂದು ಅಪಾರ್ಟ್‌ಮೆಂಟಿನ ಕೆಳಮಹಡಿಯಲ್ಲಿದ್ದ. ಮತ್ತೆ ಯಾರದೋ ಮೆಷಿನ್ ಶಾಪಿನಲ್ಲಿ ಕೂಲಿಗೆ ಸೇರಿದ್ದ, ಶಿಫ್ಟಿಗೆ ಹೊರಟು ನಿಂತಿದ್ದ. ಒಳಗೆ ಬನ್ನಿ ಎನ್ನಲಿಲ್ಲ. ಬಾಗಿಲಲ್ಲೇ ನಿಂತು ಎರಡು ಪುಟವನ್ನೂ ಪೂರ್ತಿ ಓದಿದ. ತಪ್ಪಾಯಿತು ಎಂದೆ.

"ಡಾಕ್ಟ್ರ ಕೈ ಹೇಗುಂಟು?" ಎಂದು ಕೇಳಿದ. ಹೇಳಿದೆ.

"ಪಿನ್ನು ನೋಡಿ ಅಂತ ನಾನು ಫೋನಲ್ಲಿ ಹೇಳಿದ್ದೆ ನಿಮಗೆ."

"ಹೌದು. ಈಗ ಇದನ್ನ ತೋರಿಸಿ ನೀವು ಮತ್ತೆ ಇನ್ಶೂರೆನ್ಸಿಗೆ ಹಾಕಬಹುದು," ಎಂದೆ. ನನ್ನ ಎದೆಭಾರ ಇಳಿಸಿಕೊಳ್ಳುವ ಆತುರ ನನಗೆ.

ಅವನು ಕಾಗದ ಮಡಚಿ ನನ್ನ ಕೈಗೇ ವಾಪಸು ಕೊಟ್ಟ. "ಮೂರು ಕಂಪನಿಗೆ ಹಾಕಿ ನೋಡಿದೆ ಮೇಡಂ. ಫಾರ್ಮಲ್ಲಿ ಒಂದು ಪ್ರಶ್ನೆ ಉಂಟು, ನಿಮ್ಮ ಪಾಲಿಸಿ ಯಾವತ್ತಾದ್ರೂ ರದ್ದಾಗಿದೆಯಾ ಅಂತ. ಹೌದು, ಇಲ್ಲ, ಎರಡೇ ಚೌಕ. ಯಾಕೆ ರದ್ದಾಯ್ತು ಅಂತ ಬರೀಲಿಕ್ಕೆ ಜಾಗ ಇಲ್ಲ. ನಾನು ಹೌದು ಅಂತ ಗುರುತು ಹಾಕ್ಬೇಕು. ಇನ್ನು ಯಾವಾಗ್ಲೂ ಹೌದೇ." ಬೀಗ ಹಾಕಿಕೊಂಡು ನನ್ನ ಪಕ್ಕದಿಂದಲೇ ಹಾದು ಕಾರು ಹತ್ತಿದ.

ಆಮೇಲೂ ನಾನು ಅದೇ ವೃತ್ತಿಯಲ್ಲಿ ಇಪ್ಪತ್ತೆರಡು ವರ್ಷ ಇದ್ದೆ. ಆ ಕಾಗದ ಕಳಿಸಿದ್ದರಿಂದ ನನ್ನ ಕೆಲಸವೇನೂ ಹೋಗಲಿಲ್ಲ, ವಾಲ್ಟರ್ ಒಂದು ತಿಂಗಳು ಮುಖ ಊದಿಸಿಕೊಂಡಿದ್ದ, ಅಷ್ಟೇ. ಅಂದಿನಿಂದ ಯಾರ ತಪ್ಪೆಂದು ದೂರು ಬರುತ್ತಿತ್ತೋ ಅವರನ್ನೇ ಮೊದಲು ಕರೆಸಿ, ತೊಳೆಯದ ಸ್ಯಾಂಪಲ್ಲನ್ನು ಮೇಜಿನ ಮೇಲಿಟ್ಟು, ನಿಮಗೇನು ಕಾಣುತ್ತದೆ ಹೇಳಿ ಎನ್ನುತ್ತಿದ್ದೆ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳುತ್ತಿದ್ದೆ. ಈ ಕೆಲಸ ನನಗೆ ಕಲಿಸಿದ್ದು ಇಷ್ಟು: ರಿಪೋರ್ಟನ್ನು ತಿದ್ದಬಹುದು, ಅದರ ಏಟು ತಿಂದವನಿಗೆ ಆ ತಿದ್ದುಪಡಿ ಯಾವ ಕೆಲಸಕ್ಕೂ ಬರುವುದಿಲ್ಲ. ಲ್ಯಾಬಿಗೆ ಹೊಸದಾಗಿ ಸೇರಿದ ಎಂಜಿನಿಯರುಗಳಿಗೆಲ್ಲ ಈ ಪ್ರಕರಣವನ್ನು ಹೆಸರು ಬಿಟ್ಟು ಹೇಳುತ್ತಿದ್ದೆ. ಕಡೆಗೆ ಆ ಮನುಷ್ಯನಿಗೆ ಅಂಗಡಿ ವಾಪಸು ಸಿಕ್ಕಿತಾ ಎಂದು ಪ್ರತಿಯೊಬ್ಬರೂ ಕೇಳುತ್ತಿದ್ದರು. ಇಲ್ಲ ಎನ್ನುತ್ತಿದ್ದೆ. ಅವರ ಮುಖ ಬಾಡುತ್ತಿತ್ತು, ನಾನು ಸಮಾಧಾನ ಮಾಡುತ್ತಿರಲಿಲ್ಲ.