ಬೆರಳೆತ್ತುವ ತನಕ ಸಮಯವಿದೆ

ನಕ್ಷೆ ಕಚೇರಿಯಲ್ಲಿ ಪ್ರೋಗ್ರಾಂ ಬರೆಯುವಾಕೆಯನ್ನು ಎಲ್ಲರೂ ‘ಸಿ ಅಕ್ಕ’ ಎಂದೇ ಕರೆಯುತ್ತಿದ್ದರು. ಎಷ್ಟು ಹೊಸ ಭಾಷೆಗಳು ಬಂದರೂ ಆಕೆ ಸಿ ಭಾಷೆಯನ್ನು ತವರುಮನೆಯಂತೆ ನಂಬಿದ್ದಳು. ಮಾತು ಪಟಪಟ, ಕೆಲಸ ಚಕಚಕ; ಮೇಜಿನ ಮೇಲಿನ ಚಹಾ ಮಾತ್ರ ಸದಾ ಆರಿ ತಣ್ಣಗಾಗಿರುತ್ತಿತ್ತು.

ಪಕ್ಕದ ಮೇಜಿನಲ್ಲಿ ಮೇಷ್ಟ್ರು. ಶಾಲೆಯಲ್ಲಿ ಪಾಠ ಹೇಳಿದವರಲ್ಲ, ಮೂವತ್ತು ವರ್ಷ ನಕ್ಷೆ ಬರೆದವರು. ಆಕೆ ಕೆಲಸಕ್ಕೆ ಸೇರಿದಾಗ ನಕ್ಷೆ ಓದುವುದನ್ನು ಕಲಿಸಿದವರು. ಈಗ ಅವರ ಕೈ ನಡುಗುತ್ತಿತ್ತು. ಪರದೆಯ ಮೇಲೆ ಐದಾರು ವಿಂಡೋಗಳಲ್ಲಿ ಐದಾರು ನಕ್ಷೆಗಳು ತೆರೆದಿರುತ್ತಿದ್ದವು. ಬೇಕಾದುದನ್ನು ಅಚ್ಚಿಗೆ ಕಳುಹಿಸಬೇಕಾದರೆ ಆ ವಿಂಡೋದ ಉದ್ದನೆಯ ಸಂಖ್ಯೆಯನ್ನು ಟೈಪ್ ಮಾಡಬೇಕು. ಒಂದಂಕಿ ತಪ್ಪಿದರೆ ಕೆರೆಯ ಬದಲು ರಸ್ತೆ ಅಚ್ಚಾಗುತ್ತಿತ್ತು. ಒಂದೇ ವಾರದಲ್ಲಿ ಮೂರು ಬಾರಿ ಹಾಗಾದಾಗ ಸಾಹೇಬರು, “ಶುಕ್ರವಾರ ಒಂದ್ಸಲ ನಾನೇ ನಿಂತು ನೋಡ್ತೀನಿ. ಆಗ್ಲೂ ತಪ್ಪಾದ್ರೆ ಮೇಷ್ಟ್ರು ಕೆಳಗಡೆ ಉಗ್ರಾಣಕ್ಕೆ,” ಎಂದುಬಿಟ್ಟರು.

“ಸಂಖ್ಯೆ ಯಾಕೆ ಬೇಕು? ಮೌಸ್‌ನಿಂದ ತೋರ್ಸಿದ್ರೆ ಸಾಕು ಅನ್ನೋ ಹಾಗೆ ಮಾಡ್ಕೊಡ್ತೀನಿ,” ಎಂದಳು ಸಿ ಅಕ್ಕ.

ಎರಡೇ ದಿನದಲ್ಲಿ ಮಾಡಿಯೂ ಕೊಟ್ಟಳು. ಪ್ರೋಗ್ರಾಂ ಶುರುವಾದೊಡನೆ ಮೌಸ್‌ನ ಬಾಣ ಕೂಡಿಸುವ ಚಿಹ್ನೆಯಾಗುತ್ತಿತ್ತು. ಯಾವ ವಿಂಡೋದ ಮೇಲೆ ಒತ್ತಿದರೆ ಅದು ಅಚ್ಚಿಗೆ. ಆಕೆಯ ಕೈಯಲ್ಲಿ ಹತ್ತಕ್ಕೆ ಹತ್ತೂ ಸರಿ.

ಮೇಷ್ಟ್ರು ಒತ್ತಿದರು. ಪ್ರಿಂಟರಿನಿಂದ ಮಂಚದಗಲದ ಹಾಳೆ ಹೊರಬಂತು. ಅದರಲ್ಲಿ ಇಡೀ ಪರದೆಯೇ ಇತ್ತು. ಮೂಲೆಯಲ್ಲಿ ಅರ್ಧ ಆಡಿದ ಇಸ್ಪೀಟಿನಾಟವೂ.

“ಅಯ್ಯೋ ಮೇಷ್ಟ್ರೇ, ರಾಣಿ ಮೇಲೆ ಗುಲಾಮ ಹಾಕ್ಬಹುದಿತ್ತು, ನೋಡ್ಲಿಲ್ವಾ?”

“ಸುಮ್ನಿರಮ್ಮ, ಮಾನ ಕಳೀಬೇಡ! ಉಗ್ರಾಣದಲ್ಲಿ ಜಿರಳೆ ಜತೆ ಆಡ್ಕೋತೀನಿ ಬಿಡು.”

ಆಕೆ ನಕ್ಕಳು, ಆದರೆ ಕಣ್ಣು ಅವರ ಕೈಯ ಮೇಲಿತ್ತು. “ಇನ್ನೊಂದ್ಸಲ ಒತ್ತಿ, ನೋಡೋಣ.” ಬೆರಳು ಗುಂಡಿಯನ್ನು ಅದುಮುವ ಹೊತ್ತಿಗೆ ಮೌಸ್ ಜಾರಿ, ಗುರುತು ಎರಡು ವಿಂಡೋಗಳ ನಡುವಿನ ಖಾಲಿ ಜಾಗಕ್ಕೆ ಬೀಳುತ್ತಿತ್ತು. ಮರುಗಳಿಗೆಯೇ ಮೇಷ್ಟ್ರು ಅದನ್ನು ಸರಿಯಾದ ಕಡೆಗೆ ತರುತ್ತಿದ್ದರು. ಆದರೆ ಪ್ರೋಗ್ರಾಂ ಅಷ್ಟು ಹೊತ್ತು ಕಾಯಬೇಕಲ್ಲ! ಒತ್ತಿದ ಕ್ಷಣದಲ್ಲೇ, ಖಾಲಿ ಜಾಗವೆಂದರೆ ಇಡೀ ಪರದೆ ಎಂದು ತೀರ್ಪು ಕೊಟ್ಟು ಮುಗಿಸಿರುತ್ತಿತ್ತು. ತನ್ನ ಮೈಯಳತೆಗೆ ಹೊಲಿದ ಅಂಗಿಯನ್ನು ಅವರಿಗೆ ತೊಡಿಸಹೊರಟಿದ್ದೆ ಎಂದು ಸಿ ಅಕ್ಕ ನಾಲಿಗೆ ಕಚ್ಚಿಕೊಂಡಳು.

ಗುರುವಾರವೆಲ್ಲ ಕುಳಿತು ತಿದ್ದಿದಳು. ಈಗ ಗುಂಡಿಯನ್ನು ಒತ್ತಿ ಹಿಡಿದಷ್ಟು ಹೊತ್ತು, ಗುರುತಿನ ಕೆಳಗಿರುವ ವಿಂಡೋದ ಸುತ್ತ ಕೆಂಪು ಗೆರೆ ಕಾಣುವುದು, ಅಷ್ಟೆ. ಬೆರಳೆತ್ತಿದಾಗಲೇ ಆಯ್ಕೆ. ಖಾಲಿ ಜಾಗದಲ್ಲಿ ಎತ್ತಿದರೆ ಲೆಕ್ಕಕ್ಕಿಲ್ಲ.

ಶುಕ್ರವಾರ ಸಾಹೇಬರು ಮೇಷ್ಟ್ರ ಬೆನ್ನ ಹಿಂದೆ ನಿಂತರು. “ಕೆರೆ ನಕ್ಷೆ ಕೊಡಿ.”

ಮೇಷ್ಟ್ರು ಒತ್ತಿದರು. ಕೆಂಪು ಗೆರೆ ರಸ್ತೆಯ ನಕ್ಷೆಯನ್ನು ಸುತ್ತಿಕೊಂಡಿತು. ಮೇಷ್ಟ್ರ ಕೈ ಅತ್ತಿತ್ತ ಅಲೆಯಿತು, ಕೆರೆಯ ಮೇಲೆ ಬಂತು, ಬೆರಳು ಮೇಲೆದ್ದಿತು. ಹಾಳೆಯಲ್ಲಿ ಬಂದದ್ದು ಕೆರೆ, ದಡದ ಒಂದೊಂದು ತಿರುವೂ ಸಹಿತ.

“ಮೊದ್ಲು ರಸ್ತೆ ಹಿಡಿದ್ರಲ್ಲ, ಮೇಷ್ಟ್ರೇ?”

“ಹಿಡಿದೆ ಸಾರ್. ಅಲ್ಲಿ ಬಿಡ್ಲಿಲ್ವಲ್ಲ!”

ಸಾಹೇಬರಿಗೆ ನಗು ತಡೆಯಲಾಗಲಿಲ್ಲ. “ನನ್ನ ಕಂಪ್ಯೂಟರಿಗೂ ಇದನ್ನ ಹಾಕ್ಕೊಡಮ್ಮ. ನಾನೂ ದಿನಾ ತಪ್ಪು ಒತ್ತೋನೇ.”

ಮೇಷ್ಟ್ರು ಆಗಲೇ ಮುಂದಿನ ನಕ್ಷೆಯನ್ನು ತೆರೆದಾಗಿತ್ತು. “ಸ್ವಲ್ಪ ಆ ಕಡೆ ನಿಂತ್ಕೊಳ್ಳಿ ಸಾರ್, ಬೆಳಕಿಗೆ ಅಡ್ಡ ಆಗ್ತೀರಿ. ಸಂಜೆಯೊಳಗೆ ಇನ್ನೂ ಎಂಟು ಮುಗಿಸ್ಬೇಕು.”