ಚೆಲ್ಲದೆ ಉಳಿದ ಹಾಲು

ಬೆಳಿಗ್ಗೆ ಐದೂವರೆ. ಕೊಪ್ಪದ ಡೈರಿಗೆ ಹೊರಟ ಕೆಂಪಸಿದ್ದಯ್ಯನವರ ಬೈಕಿನಲ್ಲಿ ಮೂರು ಕ್ಯಾನುಗಳಿವೆ. ಎರಡರಲ್ಲಿ ಹದಿನೆಂಟು ಮನೆಗಳ ಹಾಲು. ಮೂರನೆಯದು ಖಾಲಿ, ಅದರ ಹಿಡಿಗೆ ಉದ್ದನೆಯ ಹಗ್ಗ. ಡೈರಿಯವರು ಇದೇಕೆಂದು ಕೇಳಿ ಕೇಳಿ ಸುಮ್ಮನಾಗಿದ್ದಾರೆ.

ಮದ್ದೂರು ತಾಲ್ಲೂಕಿನ ಇವರ ಊರಿಗೆ ಡೈರಿ ಇಲ್ಲ. ಮನೆಮನೆಯ ಹಾಲು ತುಂಬಿಕೊಂಡು, ಹಳ್ಳದ ತಗ್ಗು ಸೇತುವೆ ದಾಟಿ ಕೊಪ್ಪಕ್ಕೆ ಮುಟ್ಟಿಸುವುದು ಇಪ್ಪತ್ತೆರಡು ವರ್ಷಗಳಿಂದ ಇವರ ಕೆಲಸ. ಒಂದು ಹನಿ ಚೆಲ್ಲಿದವರಲ್ಲ ಎಂದು ಊರು ಹೊಗಳುತ್ತದೆ. ಆ ಮಾತು ಬಂದರೆ ಇವರು ಮುಖ ತಿರುಗಿಸುತ್ತಾರೆ.

ಎರಡು ವರ್ಷದ ಹಿಂದಿನ ಮಳೆಗಾಲ. ಮೇಲಿನ ಕೆರೆ ಕೋಡಿ ಬಿದ್ದು ಹಳ್ಳ ಸೇತುವೆಯ ಮೇಲೇರಿತ್ತು. ನಾಟಿಗೆ ಹೊರಟಿದ್ದ ನಾಲ್ವರು ಹೆಂಗಸರ ಆಟೊ ನಡುವೆಯೇ ಮಗುಚಿತು. ಚಾಲಕ ಈಜಿ ದಡ ಸೇರಿದ. ಹೆಂಗಸರು ಸೇತುವೆಯ ಕಲ್ಲುಕಂಬ ತಬ್ಬಿ ನಿಂತರು. ದಡದಲ್ಲಿ ಕೂಗುವವರೇ ಎಲ್ಲ, ಇಳಿಯುವವರಿಲ್ಲ. ಎರಡು ಕ್ಯಾನು ಹಾಲಿನೊಡನೆ ಅಲ್ಲಿಗೆ ಬಂದ ಕೆಂಪಸಿದ್ದಯ್ಯ ಒಂದು ಕ್ಯಾನಿನ ಹಾಲು ಸುರಿದು, ಮುಚ್ಚಳ ಬಿಗಿದು, ಅದರ ಹಿಡಿಗೆ ಬೈಕಿನ ಹಗ್ಗ ಕಟ್ಟಿ, ಹಗ್ಗದ ತುದಿಯನ್ನು ದಡದವರ ಕೈಗೆ ಕೊಟ್ಟು ನೀರಿಗಿಳಿದರು. ಮುಚ್ಚಿದ ಖಾಲಿ ಕ್ಯಾನು ತೇಲುತ್ತದೆ, ಆದರೆ ತಬ್ಬಿ ಬರಲು ಒಬ್ಬರಿಗಷ್ಟೇ ಜಾಗ.

"ಇನ್ನೊಂದು ಕ್ಯಾನು ಸುರಿಯಾಕೆ ಕೈ ಬರ್ನಿಲ್ಲ ಸಾ. ಊರೋರ ಆಲು. ಅದ್ನೂ ಸುರುದಿದ್ರೆ ಇಬ್ಬಿಬ್ರುನ್ನ ತತ್ತಿದ್ದೆ" ಎಂದು ಅವರು ಈಗ ನನಗೆ ಹೇಳುತ್ತಾರೆ.

ಮೂರು ಸಲ ಹೋಗಿ ಮೂವರನ್ನು ತಂದರು. "ಐಕ್ಳುನ್ನ ಮೊದ್ಲು ಕರ್ಕೊಂಡೋಗ್ಲಾ ಮಗ" ಎಂದು ಜೊತೆಯ ಚಿಕ್ಕವರನ್ನು ಮುಂದೆ ಕಳಿಸಿ ಹಿಂದುಳಿದವರು, ನಾಲ್ವರಲ್ಲಿ ಹಿರಿಯರಾದ ಬೆಳ್ಳಮ್ಮ. ನಾಲ್ಕನೆಯ ಸಲ ಹೋಗುವಾಗ ಅವರು ಹಿಡಿದಿದ್ದ ಕಂಬವೇ ಇರಲಿಲ್ಲ.

ಉಳಿಸಿದ ಹಾಲು ಮಧ್ಯಾಹ್ನದ ಹೊತ್ತಿಗೆ ದಡದಲ್ಲೇ ಒಡೆದುಹೋಗಿತ್ತು. ಅದರಲ್ಲಿ ಬೆಳ್ಳಮ್ಮ ಅಂದು ಬೆಳಿಗ್ಗೆ ತಾವೇ ಕರೆದು ಹಾಕಿದ್ದ ಎರಡು ಲೀಟರೂ ಸೇರಿತ್ತು.

ಸನ್ಮಾನಕ್ಕೆ ಕರೆದರೆ ಇವರು ಹೋಗಲಿಲ್ಲ. ತಿಥಿಯ ದಿನ ಬೆಳ್ಳಮ್ಮನ ಮಗಳು ಶಶಿರೇಖಾ ಅವರ ಎದುರು ಕೂತು ಎಲ್ಲವನ್ನೂ ಹೇಳಿಬಿಟ್ಟರು. ಆಮೇಲೆ ಆ ಬಾಗಿಲಲ್ಲಿ ಬೈಕು ನಿಲ್ಲಿಸಲು ಕಾಲು ಬರಲಿಲ್ಲ. ತಿಂಗಳಾದ ಮೇಲೆ ಶಶಿರೇಖಾ ಹಾಲಿನ ಪಾತ್ರೆ ಹಿಡಿದು ರಸ್ತೆಗೇ ಬಂದು ಅಡ್ಡ ನಿಂತರು.

"ನಮ್ಮವ್ವನ ಅಸೀನ ಆಲು ಯಾರಣ್ಣ ಓಯ್ತಾರೆ, ನೀನಲ್ದೆ?"

ಅಂದಿನಿಂದ ದಿನದ ಮೊದಲ ಹಾಲು ಆ ಮನೆಯದೇ.

ಕೆಂಪಸಿದ್ದಯ್ಯನವರಿಗೆ ಆಸೆ ಒಂದೇ. "ಆ ಸೇತ್ವೆನ ಒಸಿ ಎತ್ರ ಮಾಡುದ್ರೆ ಸಾಕು ಸಾ. ಅಲ್ಲೀಗಂಟ ಈ ಖಾಲಿ ಕ್ಯಾನು ನನ್ ಜೊತೆ ಬತ್ತದೆ. ಅವತ್ತು ಸುರೀದೆ ಬುಟ್ಟಿದ್ದು ಇದ್ನೇಯ."