ಖಾಲಿ ಬಿಡಬಾರದ ಕಾಲಂ

ನಾನು ಒಂದು ಸರ್ಕಾರಿ ಸಲಹಾ ಸಮಿತಿಯ ಸದಸ್ಯೆ. ಹಾಗೆಂದು ಹೇಳಿಕೊಳ್ಳಲು ಒಂದು ಕಾಲಕ್ಕೆ ಖುಷಿಯಾಗುತ್ತಿತ್ತು. ಗಂಡನ ಹೊಡೆತ ತಾಳಲಾರದೆ ಮನೆ ಬಿಟ್ಟು ಬಂದ ಹೆಂಗಸರಿಗಾಗಿ ನಡೆಯುವ ಆಶ್ರಯ ಕೇಂದ್ರಗಳು ಹೇಗಿರಬೇಕು, ಅಲ್ಲಿ ಏನೇನು ಸಿಗಬೇಕು ಎಂದು ಸಲಹೆ ಕೊಡುವುದು ನಮ್ಮ ಕೆಲಸ. ಮೂರು ತಿಂಗಳಿಗೊಮ್ಮೆ ಹೈದರಾಬಾದಿನ ನಾಂಪಲ್ಲಿಯ ಒಂದು ಕಚೇರಿಯ ಎರಡನೇ ಮಹಡಿಯಲ್ಲಿ ಕೂಡುತ್ತೇವೆ. ಚಹಾ, ಉಸ್ಮಾನಿಯಾ ಬಿಸ್ಕತ್ತು ಬರುತ್ತವೆ. ನಾವು ಸಲಹೆ ಕೊಡುತ್ತೇವೆ, ಅವರು ಫೈಲಿಗೆ ಸೇರಿಸುತ್ತಾರೆ. ಇಷ್ಟು ವರ್ಷಗಳಲ್ಲಿ ನನ್ನ ಒಂದೇ ಒಂದು ಸಲಹೆಯನ್ನು ಅವರು ಕೂಡಲೇ ಜಾರಿಗೆ ತಂದರು. ಅದನ್ನೂ ಫೈಲಿಗೆ ಸೇರಿಸಿ ಮರೆತುಬಿಟ್ಟಿದ್ದರೆ ಅವರಿಗೆ ಕೈ ಮುಗಿಯುತ್ತಿದ್ದೆ.

ನಮ್ಮದು ಕಲಬುರಗಿ ಕಡೆಯಿಂದ ಬಂದು ಮೂರು ತಲೆಮಾರು ಹೈದರಾಬಾದಿನಲ್ಲಿ ಸರ್ಕಾರಿ ನೌಕರಿ ಮಾಡಿದ ಮನೆ. ಅಪ್ಪ ವಿದ್ಯಾ ಇಲಾಖೆಯಲ್ಲಿದ್ದರು, ನಾನು ನೋಂದಣಿ ಇಲಾಖೆಯಲ್ಲಿದ್ದೆ. ನಮ್ಮ ಮನೆಯಲ್ಲಿ ದೇವರ ಪಟಕ್ಕೆ ಹೂವು ತಪ್ಪಿದರೂ ನಡೆಯುತ್ತಿತ್ತು, ಅರ್ಜಿಯಲ್ಲಿ ಕಾಲಂ ಖಾಲಿ ಬಿಟ್ಟರೆ ನಡೆಯುತ್ತಿರಲಿಲ್ಲ. ಶಾಲೆಯ ಫಾರಂ ತಂದ ದಿನ ಅಪ್ಪ ನನ್ನನ್ನು ಎದುರಿಗೆ ಕೂಡಿಸಿಕೊಂಡು, "ಖಾಲಿ ಬಿಟ್ಟಿ ಅಂದ್ರ ಅರ್ಜಿ ವಾಪಸ್ ಬರ್ತದ. ಏನೂ ಇಲ್ಲಂದ್ರ 'ಇಲ್ಲ' ಅಂತರೆ ಬರೀಬೇಕು" ಎನ್ನುತ್ತಿದ್ದರು. ಆ ಮಾತಿನ ಮೊದಲರ್ಧ ಮಾತ್ರ ನನ್ನ ತಲೆಯಲ್ಲಿ ಉಳಿಯಿತು.

ಒಮ್ಮೆ ಒಂದು ಕೇಂದ್ರದಲ್ಲಿ ಜ್ವರ ಬಂದು ಒಬ್ಬ ಹೆಂಗಸು ಎಚ್ಚರ ತಪ್ಪಿ ಬಿದ್ದಳು. ಆಸ್ಪತ್ರೆಯವರು ಇವಳ ಕಡೆಯವರು ಯಾರು ಎಂದು ಕೇಳಿದರೆ ಕೇಂದ್ರದವರಿಗೇ ಗೊತ್ತಿರಲಿಲ್ಲ. ಆ ವಿಷಯ ಸಭೆಗೆ ಬಂದಾಗ ನಾನು ಎದ್ದು ನಿಂತೆ. ಸೇರಿಸಿಕೊಳ್ಳುವ ಫಾರಂನಲ್ಲಿ ಹತ್ತಿರದ ಸಂಬಂಧಿಕರ ಫೋನ್ ನಂಬರಿಗೆ ಒಂದು ಕಾಲಂ ಇರಲಿ, ಅದನ್ನು ಖಾಲಿ ಬಿಡುವಂತಿಲ್ಲ, 'ಇಲ್ಲ' ಎಂದೂ ಬರೆಯುವಂತಿಲ್ಲ, ಹೆಂಗಸು ಕ್ಷೇಮವಾಗಿದ್ದಾಳೆ ಎಂದು ಮರುದಿನದೊಳಗೆ ಆ ನಂಬರಿಗೆ ತಿಳಿಸಬೇಕು ಎಂದೆ. ನಿವೃತ್ತ ಅಧಿಕಾರಿಯಾದ ನಮ್ಮ ಅಧ್ಯಕ್ಷರು, "ಇದಪ್ಪಾ ಅನುಭವ ಅಂದರೆ!" ಎಂದು ಮೇಜು ತಟ್ಟಿದರು. ಬಾಗಿಲ ಹತ್ತಿರ ಕುಳಿತಿದ್ದ ಸನತ್‌ನಗರದ ಕೇಂದ್ರದ ಮೇಲ್ವಿಚಾರಕಿ ತೆಲುಗಿನಲ್ಲಿ ಮೆಲ್ಲಗೆ, "ಮೇಡಂ, ಸಂಬಂಧಿಕರಿಂದಲೇ ತಪ್ಪಿಸಿಕೊಂಡು ಬಂದಿರ್ತಾರಲ್ಲ?" ಎಂದಳು. "ಸಂಬಂಧಿಕರು ಅಂದರೆ ಗಂಡ ಒಬ್ಬನೇನಮ್ಮಾ?" ಎಂದು ನಾನೇ ಅವಳ ಬಾಯಿ ಮುಚ್ಚಿಸಿದೆ. ಅವಳು ಕುಳಿತುಕೊಂಡಳು. ನನಗೆ ಇನ್ನೆರಡು ಬಿಸ್ಕತ್ತು ಬಂದವು.

ಮಣಿಕೊಂಡದ ನಮ್ಮ ಫ್ಲ್ಯಾಟಿಗೆ ಪಾತ್ರೆ ತೊಳೆಯಲು ಬರುತ್ತಿದ್ದವಳು ಯಾದಗಿರಿ ಕಡೆಯವಳು. ಪಕ್ಕದಲ್ಲಿ ಏಳುತ್ತಿದ್ದ ಕಟ್ಟಡದಲ್ಲಿ ಗಂಡ ಸೆಂಟ್ರಿಂಗ್ ಕೆಲಸ ಮಾಡುತ್ತಿದ್ದ. ಅಲ್ಲೇ ತಗಡಿನ ಶೆಡ್ಡಿನಲ್ಲಿ ಅವರ ಸಂಸಾರ, ನಾಲ್ಕು ವರ್ಷದ ಒಂದು ಹೆಣ್ಣುಮಗು. ಹೊರಗೆ ಎಲ್ಲರ ಜೊತೆ ಹರಕು ಹಿಂದಿ ಆಡುತ್ತಿದ್ದ ಅವಳು ನಮ್ಮ ಅಡುಗೆಮನೆಗೆ ಬಂದರೆ ಬಾಯಿ ತುಂಬ ಕನ್ನಡ ಆಡುತ್ತಿದ್ದಳು. ಮೈಮೇಲಿನ ಬಾಸುಂಡೆಗಳನ್ನು ನಾನು ನೋಡಿದ್ದೆ. ಕೇಳಿದರೆ, "ಬಿದ್ದಿದ್ದೆರಿ" ಎನ್ನುತ್ತಿದ್ದಳು. ನಾನೂ ನಂಬಿದವಳ ಹಾಗೆ ಸುಮ್ಮನಾಗುತ್ತಿದ್ದೆ. ಸಭೆಯಲ್ಲಿ ಮಾತ್ರ ಇಂಥ ಹೆಂಗಸರ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಿದ್ದೆ.

ಒಂದು ಬೆಳಿಗ್ಗೆ ಮಗಳನ್ನು ಸೊಂಟಕ್ಕೆ ಹಾಕಿಕೊಂಡು ಬಂದಳು. ಕಿವಿಯ ಹಾಲೆ ಹರಿದಿತ್ತು. ಗಂಡ ಓಲೆಯನ್ನು ಹಿಡಿದು ಎಳೆದಿದ್ದ. ಸೆರಗಿನಿಂದ ಒತ್ತಿ ಹಿಡಿದುಕೊಂಡು ಬಾಗಿಲಲ್ಲೇ ನಿಂತು, "ಇನ್ನ ನಾ ಹೋಗಂಗಿಲ್ರಿ ಅಕ್ಕಾರ. ಈ ಸಲ ಈ ಕೂಸಿನ ಮ್ಯಾಲೂ ಕೈ ಎತ್ಯಾನ. ಎಲ್ಲೆರೆ ಇಡ್ರಿ ನಮ್ಮನ್ನ" ಎಂದಳು. ನನಗೆ ಹೆದರಿಕೆಯೂ ಆಯಿತು, ಸುಳ್ಳು ಯಾಕೆ ಹೇಳಲಿ, ಸ್ವಲ್ಪ ಹೆಮ್ಮೆಯೂ ಆಯಿತು. ಎಲ್ಲಿಡಬೇಕೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕಿವಿಗೆ ಔಷಧಿ ಹಾಕಿಸಿ, ಮಗುವಿಗೆಂದು ಸ್ಟೀಲ್ ಡಬ್ಬಿಯಲ್ಲಿ ಅವಲಕ್ಕಿ ತುಂಬಿ, ಆಟೋ ಮಾಡಿ ಸನತ್‌ನಗರದ ಕೇಂದ್ರಕ್ಕೆ ಕರೆದುಕೊಂಡು ಹೋದೆ.

ಅದೇ ಮೇಲ್ವಿಚಾರಕಿ ಹೊಸ ಫಾರಂ ಕೊಟ್ಟಳು. ಅಚ್ಚು ಚೆನ್ನಾಗಿ ಬಂದಿತ್ತು. ನನ್ನ ಜೊತೆ ಬಂದವಳಿಗೆ ಓದು ಬರಹ ಬಾರದು, ನಾನೇ ತುಂಬಲು ಕುಳಿತೆ. ಹೆಸರು, ವಯಸ್ಸು, ಊರು ಎಲ್ಲ ಸರಾಗವಾಗಿ ಮುಗಿದು ನನ್ನ ಕಾಲಂ ಬಂತು.

"ನಿಮ್ಮವರ ನಂಬರ್ ಹೇಳವಾ. ಅವ್ವ? ಅಣ್ಣ, ತಮ್ಮ?"

"ಅವ್ವ ಸತ್ತಾಳ್ರಿ. ಅಣ್ಣಂದು ಫೋನಿನ್ಯಾಗ ಐತ್ರಿ, ಫೋನ್ ನನ್ ಗಂಡನ ಹತ್ರ ಐತಿ. ನನಗ ಬಾಯಿಪಾಠ ಬರೋದು ಒಂದ ನಂಬರ್ರಿ."

ಅದು ಗಂಡನದು. ಈ ಊರಿಗೆ ಬಂದ ಹೊಸತರಲ್ಲಿ, ಎಲ್ಲಾದರೂ ದಾರಿ ತಪ್ಪಿದರೆ ಬೇಕಾಗುತ್ತದೆ ಎಂದು ಅವನೇ ಬಾಯಿಪಾಠ ಮಾಡಿಸಿದ್ದನಂತೆ. ನಾನು ಪೆನ್ನು ಹಿಡಿದು ಕುಳಿತೇ ಇದ್ದೆ. ಅವಳು ನನ್ನ ಮುಖ ನೋಡಿ ಕೇಳಿದಳು, "ನಿಮ್ಮ ನಂಬರ್ ಬರದ್ರ ನಡಿಯಂಗಿಲ್ಲೇನ್ರಿ ಅಕ್ಕಾರ?"

"ಇಲ್ಲವಾ, ಸಂಬಂಧಿಕರದ್ದ ಇರಬೇಕು. ರೂಲ್ ಐತಿ" ಎಂದೆ.

ರೂಲು ಇದ್ದದ್ದು ನಿಜ. ಮಾಡಿದವಳು ನಾನೇ. ಆದರೆ ನಾನು ಬೇಡ ಎಂದದ್ದು ರೂಲಿಗೆ ಹೆದರಿ ಅಲ್ಲ. ನನ್ನ ನಂಬರ್ ಬರೆದರೆ ನಾಳೆ ಪೊಲೀಸರು, ಮೊಕದ್ದಮೆ, ಕುಡಿದು ಗೇಟಿನ ಹತ್ತಿರ ಕೂಗಾಡುವ ಅವನು, ಲಿಫ್ಟಿನಲ್ಲಿ ನನ್ನನ್ನು ಕಂಡು ಮಾತು ನಿಲ್ಲಿಸುವ ನೆರೆಹೊರೆಯವರು, ಇಷ್ಟೂ ಒಂದೇ ಕ್ಷಣದಲ್ಲಿ ನನ್ನ ಕಣ್ಣ ಮುಂದೆ ಬಂದುಹೋದವು. ಅವಳು ಹೇಳಿದ ಗಂಡನ ನಂಬರನ್ನು ದುಂಡಗೆ ಬರೆದೆ. "ಈ ನಂಬರಿಗೆ ಫೋನ್ ಮಾಡಬೇಡಮ್ಮಾ" ಎಂದು ಮೇಲ್ವಿಚಾರಕಿಗೆ ಬಾಯಿಮಾತಿನಲ್ಲಿ ಹೇಳಿದೆ. ಹಾಗೆಂದು ಬರೆಯಲು ಫಾರಂನಲ್ಲಿ ಜಾಗ ಇರಲಿಲ್ಲ, ನಾನು ಜಾಗ ಇಡಿಸಿರಲಿಲ್ಲ. ಅಂಚಿನಲ್ಲಿ ಬರೆಯಬಹುದಿತ್ತು. ಅಂಚಿನಲ್ಲಿ ಬರೆಯುವುದು ನಮ್ಮ ಇಲಾಖೆಯಲ್ಲಿ ಅಶಿಸ್ತು.

ಮರುದಿನ ಮೇಲ್ವಿಚಾರಕಿಗೆ ರಜೆ. ಅವಳ ಬದಲಿಗೆ ಬಂದ ಹುಡುಗಿ ಫಾರಂ ನೋಡಿದಳು, ನಿಯಮ ಓದಿದಳು, ಫೋನ್ ಮಾಡಿದಳು. ನಿಮ್ಮವರು ಸನತ್‌ನಗರದಲ್ಲಿ ಕ್ಷೇಮವಾಗಿದ್ದಾರೆ, ಚಿಂತೆ ಮಾಡಬೇಡಿ ಎಂದು ವಿನಯದಿಂದ ಹೇಳಿದಳಂತೆ. ಮಧ್ಯಾಹ್ನದೊಳಗೆ ಗಂಡ ತನ್ನೂರಿನ ಇಬ್ಬರು ಹಿರಿಯರನ್ನು ಕಟ್ಟಿಕೊಂಡು ಬಂದ. ಗಲಾಟೆ ಮಾಡಲಿಲ್ಲ, ಅತ್ತ. ಹಿರಿಯರು ಕೈ ಮುಗಿದರು. ನೀನು ಬೇಕಾದರೆ ಇಲ್ಲೇ ಇರು, ಮಗುವನ್ನು ಕೊಡು ಎಂದರು. ಅವಳು ಮಗಳನ್ನು ಎತ್ತಿಕೊಂಡು ಅವರ ಹಿಂದೆ ನಡೆದಳು. ಸುದ್ದಿ ತಿಳಿದು ನಾನು ಹೋಗುವಷ್ಟರಲ್ಲಿ ಫಾರಂನ ಕೊನೆಯಲ್ಲಿ ಅವಳ ಹೆಬ್ಬೆಟ್ಟು ಬಿದ್ದಿತ್ತು. ಅದರ ಮೇಲೆ 'ಸ್ವಇಚ್ಛೆಯಿಂದ ತೆರಳಿರುತ್ತಾರೆ' ಎಂದು ಬರೆದಿತ್ತು. ಆ ಹುಡುಗಿ ಒಂದು ಕಾಲಂ ಕೂಡ ಖಾಲಿ ಬಿಟ್ಟಿರಲಿಲ್ಲ.

ಹದಿನೈದು ದಿನದ ಮೇಲೆ ಅವಳು ಸ್ಟೀಲ್ ಡಬ್ಬಿ ವಾಪಸ್ ಕೊಡಲು ಬಂದಳು. ಮುಖ ಬಾತಿತ್ತು. ಒಂದು ಕಣ್ಣು ಸರಿಯಾಗಿ ತೆರೆಯುತ್ತಿರಲಿಲ್ಲ. ಗಂಡ ಮಗುವಿನ ಜೊತೆ ಕೆಳಗೆ ಗೇಟಿನಲ್ಲಿ ನಿಂತಿದ್ದ. ಸೈಟ್ ಬದಲಾಗಿದೆ, ಇವತ್ತೇ ಹೊರಡುತ್ತೇವೆ ಎಂದಳು.

"ಎಲ್ಲಿಗವಾ?"

"ಅವ ಹೇಳವಲ್ಲರಿ."

ನಾನು ಅಳಲು ಶುರು ಮಾಡಿದೆ. ಅವಳಿಗೆ ನನ್ನ ಅಳು ನೋಡಲು ಪುರಸೊತ್ತು ಇರಲಿಲ್ಲ. "ಅಕ್ಕಾರ, ನಿಮ್ಮ ನಂಬರ್ ಹೇಳ್ರಿ. ಚೀಟಿ ಬ್ಯಾಡ್ರಿ, ಅಂವ ಹುಡುಕ್ತಾನ. ಬಾಯಿಪಾಠ ಮಾಡ್ತೀನಿ" ಎಂದಳು. ನಾನು ಒಂದೊಂದೇ ಅಂಕಿ ಹೇಳಿದೆ. ಅವಳು ಕಣ್ಣು ಮುಚ್ಚಿ, ಬೆರಳು ಮಡಚುತ್ತಾ ಪ್ರತಿಸಲ ಮೊದಲಿನಿಂದ ಸೇರಿಸಿಕೊಂಡು ಹೇಳುತ್ತಾ ಹೋದಳು. ಆರನೆಯದಕ್ಕೆ ಬಂದಾಗ ಕೆಳಗಿನಿಂದ ಅವನು ಕೂಗಿದ, ಮಗು ಕಿರುಚಿತು. ಅವಳು ಬೆರಳುಗಳನ್ನು ಮಡಚಿಕೊಂಡೇ ಮೆಟ್ಟಿಲಿಳಿದು ಓಡಿದಳು. ಉಳಿದ ನಾಲ್ಕು ಅಂಕಿಗಳನ್ನು ಮೆಟ್ಟಿಲಿಗೆ ಬಗ್ಗಿ ಕೂಗಿ ಹೇಳುವ ಧೈರ್ಯವೂ ನನಗೆ ಬರಲಿಲ್ಲ. ಅವನು ಕೇಳಿಸಿಕೊಂಡರೆ ಎಂದು ಹೆದರಿದೆ. ಅವಳಿಗಾಗಿಯೋ ನನಗಾಗಿಯೋ, ಈಗ ಹೇಳಲಾರೆ.

ಮುಂದಿನ ಸಭೆಯಲ್ಲಿ ಎಲ್ಲವನ್ನೂ ಹೇಳಿದೆ, ನನ್ನ ತಪ್ಪನ್ನೂ ಬಿಡದೆ. ಆ ಕಾಲಂ ತೆಗೆಯಿರಿ ಎಂದು ಬೇಡಿಕೊಂಡೆ. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿದರು. ಬಹಳ ದುಃಖದ ವಿಷಯ ಎಂದರು. ಎಲ್ಲ ಜಿಲ್ಲೆಗಳಿಗೂ ಫಾರಂ ಅಚ್ಚಾಗಿ ಹೋಗಿದೆ, ಆ ಸ್ಟಾಕ್ ಮುಗಿದ ಮೇಲೆ ನೋಡೋಣ ಎಂದರು. 'ಸದಸ್ಯೆಯ ಸಲಹೆಯನ್ನು ಗಮನಿಸಲಾಯಿತು' ಎಂದು ನಡಾವಳಿಯಲ್ಲಿ ಬರೆದುಕೊಂಡರು. ಬಾಗಿಲ ಹತ್ತಿರ ಕುಳಿತಿದ್ದ ಮೇಲ್ವಿಚಾರಕಿ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನಾನು ತಲೆ ತಗ್ಗಿಸಬೇಕಾಗುತ್ತಿತ್ತು.

ಅಷ್ಟರಲ್ಲಿ ಚಹಾದ ಹಿಂದೆಯೇ ಹಾಜರಿ ಹಾಳೆ ಬಂತು. ಹೆಸರು, ಸಹಿ, ಫೋನ್ ನಂಬರ್. ಎಲ್ಲರಂತೆ ನಾನೂ ತುಂಬಿ ಪಕ್ಕದವರಿಗೆ ದಾಟಿಸಿದೆ. ಹಾಳೆ ಕೈ ಬಿಟ್ಟ ಮೇಲೆ ತಿಳಿಯಿತು, ಹತ್ತೂ ಅಂಕಿ ಬರೆದಿದ್ದೆ, ಕೈ ಒಂದಿಷ್ಟೂ ತಡವರಿಸಿರಲಿಲ್ಲ.